ಬಿ.ಫಾರ್ಮ ಆಯ್ತು. ಮುಂದೆ ಎಂಬಿಎ ಮಾಡೋದಾ, ಬ್ಯಾಗ್ ಹಿಡಿಯೋದಾ?

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಬಿ.ಫಾರ್ಮ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನನಗೆ ಫೋನ್ ಬರಲು ಶುರುವಾಗುತ್ತದೆ. "ಸರ್, ಎಂಬಿಎ ಮಾಡ್ಲಾ, ಇಲ್ಲ ಕೆಲಸಕ್ಕೆ ಸೇರ್ಲಾ?" ಕೆಲವು ಸಲ ಮಗನ ಜೊತೆ ಅಪ್ಪನೂ ಬರುತ್ತಾರೆ. ಅವರ ಪ್ರಶ್ನೆ ಬೇರೆ. "ನಾಲ್ಕು ವರ್ಷ ಓದಿಸಿದ್ದು ಬ್ಯಾಗ್ ಹಾಕ್ಕೊಂಡು ಡಾಕ್ಟರ್ ಬಾಗಿಲಲ್ಲಿ ನಿಲ್ಲೋಕಾ?"

ನಾನು ದಾವಣಗೆರೆ ಹೆಡ್‌ಕ್ವಾರ್ಟರ್ಸ್‌ನಲ್ಲಿ ಮೆಡಿಕಲ್ ರೆಪ್ ಆಗಿ, ಅಂದರೆ ಡಾಕ್ಟರುಗಳಿಗೆ ಕಂಪನಿಯ ಔಷಧಿ ಪರಿಚಯಿಸುವ ಮಾರಾಟ ಪ್ರತಿನಿಧಿಯಾಗಿ, ಶುರು ಮಾಡಿದವನು. ರೆಪ್ ಓಡಾಡುವ ಪ್ರದೇಶದ ಮುಖ್ಯ ಊರಿಗೆ ಹೆಡ್‌ಕ್ವಾರ್ಟರ್ಸ್ ಅನ್ನುತ್ತಾರೆ. ಮೂರು ವರ್ಷ ತಿರುಗಿದ ಮೇಲೆ ದೂರಶಿಕ್ಷಣದಲ್ಲಿ ಎಂಬಿಎ ಮುಗಿಸಿದೆ. ಆಮೇಲೆ ಏರಿಯಾ ಮ್ಯಾನೇಜರ್ ಆಗಿ ಹೊಸಬರನ್ನು ಸಂದರ್ಶನ ಮಾಡಿ ಕೆಲಸಕ್ಕೆ ತೆಗೆದುಕೊಂಡೆ. ಹಾಗಾಗಿ ಮೇಜಿನ ಎರಡೂ ಕಡೆ ಕೂತು ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಔಷಧಿ ಮಾರಾಟ, ಮಾರ್ಕೆಟಿಂಗ್, ವಿತರಣೆ ಕಡೆ ಹೋಗುವವರು ಮೊದಲು ಒಂದೂವರೆ ಎರಡು ವರ್ಷ ಕೆಲಸ ಮಾಡಲಿ, ಓದು ಆಮೇಲೆ. ಲ್ಯಾಬ್, ಗುಣಮಟ್ಟ, ಲೈಸೆನ್ಸ್ ದಾಖಲೆಗಳ ಕಡೆ ಹೋಗುವವರು ಮೊದಲು ಓದಲಿ. ನೀವು ಯಾವ ಕಡೆಯವರು ಅಂತ ಗೊತ್ತಾಗಬೇಕಾದರೆ ಒಂದೊಂದೇ ಹೆಜ್ಜೆ ಇಡಬೇಕು.

ಹೆಜ್ಜೆ 1: ಡಿಗ್ರಿ ಹೆಸರು ಬಿಡಿ, ಕೆಲಸದ ಹೆಸರು ಹೇಳಿ

ಒಂದು ಹಾಳೆ ತಗೊಳ್ಳಿ. ಐದು ವರ್ಷ ಆದ ಮೇಲೆ ಬೆಳಿಗ್ಗೆ ಒಂಬತ್ತೂವರೆಗೆ ನೀವು ಎಲ್ಲಿರಬೇಕು, ಯಾರ ಜೊತೆ ಮಾತಾಡುತ್ತಿರಬೇಕು ಅಂತ ಬರೆಯಿರಿ. "ಫಾರ್ಮಾ ಫೀಲ್ಡ್‌ನಲ್ಲಿ ಮ್ಯಾನೇಜರ್" ಅಂತ ಬರೆದರೆ ಸಾಲದು. ಯಾವ ಮ್ಯಾನೇಜರ್?

ಫಾರ್ಮಾ ವ್ಯಾಪಾರ ಅಂದರೆ ಒಂದೇ ಕೆಲಸ ಅಲ್ಲ. ರೆಪ್, ಏರಿಯಾ ಮ್ಯಾನೇಜರ್, ರೀಜನಲ್ ಮ್ಯಾನೇಜರ್ ಅಂತ ಏರುವ ಮಾರಾಟದ ಸಾಲು ಒಂದು. ಬೆಂಗಳೂರು, ಮುಂಬೈ ಕಚೇರಿಯಲ್ಲಿ ಕೂತು ಒಂದು ಬ್ರಾಂಡ್ ನೋಡಿಕೊಳ್ಳುವ ಪ್ರಾಡಕ್ಟ್ ಮ್ಯಾನೇಜರ್ ಇನ್ನೊಂದು. ಕಂಪನಿಯ ಸರಕು ತಂದು ಅಂಗಡಿಗಳಿಗೆ ಕೊಡುವ ಸ್ಟಾಕಿಸ್ಟ್, ಕಂಪನಿ ಪರವಾಗಿ ಸರಕು ಇಟ್ಟು ಸ್ಟಾಕಿಸ್ಟ್‌ಗೆ ಕಳಿಸುವ ಸಿ ಅಂಡ್ ಎಫ್, ಸ್ವಂತ ಮೆಡಿಕಲ್ ಶಾಪ್ ಮತ್ತೊಂದು. ಬೇರೆ ದೇಶಕ್ಕೆ ಔಷಧಿ ಕಳಿಸಲು ಅಲ್ಲಿನ ಸರ್ಕಾರದ ಅನುಮತಿ ಪಡೆಯುವ ರೆಗ್ಯುಲೇಟರಿ ಕೆಲಸ ಇದೆ. ಔಷಧಿಯ ಅಡ್ಡ ಪರಿಣಾಮದ ವರದಿ ನೋಡುವ ಫಾರ್ಮಕೋವಿಜಿಲೆನ್ಸ್ ಇದೆ. ಕಂಪನಿಗಳ ನಡುವೆ ಒಪ್ಪಂದ ಕುದುರಿಸುವ ಬಿಸಿನೆಸ್ ಡೆವಲಪ್‌ಮೆಂಟ್ ಕೂಡ ಇದೆ.

ಮಾರಾಟದ ಸಾಲಿನಲ್ಲಿ ಡಿಗ್ರಿಗಿಂತ ಕೈಯಲ್ಲಿ ಮಾಡಿದ ಕೆಲಸಕ್ಕೆ ಬೆಲೆ ಜಾಸ್ತಿ. ಪ್ರಾಡಕ್ಟ್ ಮ್ಯಾನೇಜರ್ ಆಗಲು ಎರಡೂ ಇದ್ದರೆ ಒಳ್ಳೆಯದು. ರೆಗ್ಯುಲೇಟರಿ, ಫಾರ್ಮುಲೇಷನ್ ಸಂಶೋಧನೆ, ಅನಾಲಿಸಿಸ್ ಕಡೆ ಎಂ.ಫಾರ್ಮ, ಅಂದರೆ ಫಾರ್ಮಸಿಯ ಸ್ನಾತಕೋತ್ತರ ಡಿಗ್ರಿ, ಇದ್ದವರಿಗೆ ಬಾಗಿಲು ಬೇಗ ತೆರೆಯುತ್ತದೆ. ಕಾರ್ಖಾನೆಯ ಗುಣಮಟ್ಟದ ಕೆಲಸಕ್ಕೂ ಈಗ ಬೇಡಿಕೆ ಬಂದಿದೆ. 2023ರ ಡಿಸೆಂಬರ್‌ನಲ್ಲಿ ಔಷಧಿ ಕಾರ್ಖಾನೆ ಹೇಗೆ ನಡೆಯಬೇಕು ಅಂತ ಹೇಳುವ ನಿಯಮ, ಪರಿಷ್ಕೃತ ಶೆಡ್ಯೂಲ್ ಎಂ, ಹೊರಬಿತ್ತು. ಸಣ್ಣ ಕಾರ್ಖಾನೆಗಳೂ ದಾಖಲೆ, ಪರೀಕ್ಷೆ, ಸ್ವಚ್ಛತೆ ವಿಷಯದಲ್ಲಿ ಮೊದಲಿನ ಹಾಗೆ ನಡೆಸಲು ಆಗುವುದಿಲ್ಲ. ಆ ದಾಖಲೆ ಬರೆಯುವ ಕೈಗಳು ಬೇಕು.

ದೊಡ್ಡವರನ್ನು ನೋಡಿದರೂ ಎರಡೂ ದಾರಿ ಕಾಣುತ್ತವೆ. ಸನ್ ಫಾರ್ಮಾ ಕಟ್ಟಿದ ದಿಲೀಪ್ ಸಾಂಘ್ವಿ ಓದಿದ್ದು ಬಿ.ಕಾಂ. ಕೋಲ್ಕತ್ತಾದಲ್ಲಿ ಅಪ್ಪನ ಔಷಧಿ ಹೋಲ್‌ಸೇಲ್ ವ್ಯಾಪಾರದಲ್ಲಿ ಕೂತು ಕಲಿತರು. 1983ರಲ್ಲಿ ಮನೋರೋಗದ ಕೆಲವೇ ಔಷಧಿಗಳಿಂದ ಕಂಪನಿ ಶುರು ಮಾಡಿದರು. ಡಾ. ರೆಡ್ಡೀಸ್ ಸ್ಥಾಪಿಸಿದ ಅಂಜಿ ರೆಡ್ಡಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡಿ, ಸರ್ಕಾರಿ ಕಂಪನಿ ಐಡಿಪಿಎಲ್‌ನಲ್ಲಿ ಕೆಲಸ ಮಾಡಿದ್ದರು. 1984ರಲ್ಲಿ ಆ ಕಂಪನಿ ಶುರುವಾಯಿತು. ಒಬ್ಬರು ಅಂಗಡಿಯಿಂದ ಬಂದರು, ಇನ್ನೊಬ್ಬರು ಲ್ಯಾಬಿನಿಂದ. ಆದರೆ ಇಬ್ಬರೂ ಕಂಪನಿ ಶುರು ಮಾಡುವ ಮುಂಚೆ ಇನ್ನೊಂದು ಕಡೆ ದುಡಿದು ಕಲಿತಿದ್ದರು. ನಾನು ಹುಡುಗರಿಗೆ ತೋರಿಸುವುದು ಇದನ್ನೇ.

ಹೆಜ್ಜೆ 2: ನಿರ್ಧಾರಕ್ಕೆ ಮುಂಚೆ ಹದಿನೈದು ದಿನ ಮಾರುಕಟ್ಟೆ ನೋಡಿ

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೂ ನನ್ನ ಹತ್ತಿರ ಬಂದವರಲ್ಲಿ ಬಹಳ ಜನ ಇದನ್ನು ಮಾಡಿರುವುದಿಲ್ಲ.

ನಿಮ್ಮ ಸೀನಿಯರ್ ಯಾರಾದರೂ ರೆಪ್ ಆಗಿರುತ್ತಾರೆ. ಅವರನ್ನು ಕೇಳಿ ಎರಡು ದಿನ ಜೊತೆಗೆ ಓಡಾಡಿ. ಕ್ಲಿನಿಕ್ ಒಳಗೆ ಹೋಗಬೇಡಿ, ಅದು ಸರಿಯಲ್ಲ. ಹೊರಗೆ ನಿಂತು ನೋಡಿದರೂ ಸಾಕು. ದಾವಣಗೆರೆಯ ಪಿ.ಜೆ. ಬಡಾವಣೆಯ ಕ್ಲಿನಿಕ್ ಹೊರಗೆ ಒಂದು ಸಂಜೆ ನಿಂತರೆ ಗೊತ್ತಾಗುತ್ತದೆ. ರೋಗಿಗಳ ಸಾಲು ಮುಗಿಯುವವರೆಗೆ ಕಾಯಬೇಕು. ಒಳಗೆ ಸಿಗುವುದು ಒಂದೆರಡು ನಿಮಿಷ. ಅಷ್ಟರಲ್ಲಿ ನಾಲ್ಕು ಔಷಧಿ ನೆನಪಿಸಬೇಕು. ಡಾಕ್ಟರು ಒಂದು ಪ್ರಶ್ನೆ ಕೇಳಿದರೆ ತಪ್ಪಿಲ್ಲದೆ ಉತ್ತರ ಹೇಳಬೇಕು. ಮಾರನೇ ದಿನ ಹರಿಹರ, ಅದರ ಮಾರನೇ ದಿನ ರಾಣೆಬೆನ್ನೂರು. ಇನ್ನೊಂದು ವಾರ ಚನ್ನಗಿರಿ, ಹೊನ್ನಾಳಿ. ಚಿತ್ರದುರ್ಗದ ಕಡೆ ಕೆಲಸ ಇದ್ದರೆ ಹಿರಿಯೂರು, ಚಳ್ಳಕೆರೆ, ಹೊಸದುರ್ಗ. ಬೇಸಿಗೆಯಲ್ಲಿ ಬೈಕ್ ಮೇಲೆ ಚಳ್ಳಕೆರೆ ದಾರಿ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ ಅಲ್ವಾ?

ಆಮೇಲೆ ಒಂದು ವಾರ ಪರಿಚಯದ ಸ್ಟಾಕಿಸ್ಟ್ ಅಂಗಡಿಯಲ್ಲಿ ಕೂತುಕೊಳ್ಳಿ. ಸುಮ್ನೆ ಬಿಲ್ಲುಗಳನ್ನು ನೋಡಿ. ಯಾವ ಮೆಡಿಕಲ್ ಶಾಪ್‌ಗೆ ಎಷ್ಟು ದಿನ ಉದ್ರಿ ಕೊಡುತ್ತಾರೆ, ವಸೂಲಿ ಹೇಗೆ ಮಾಡುತ್ತಾರೆ, ಎಕ್ಸ್‌ಪೈರಿ ಆದ ಸರಕು ಹೇಗೆ ವಾಪಸ್ ಹೋಗುತ್ತದೆ ಅಂತ ಕೇಳಿ. ಸರ್ಕಾರ ಬೆಲೆ ಕಟ್ಟುವ ಔಷಧಿಗಳಲ್ಲಿ ಅಂಗಡಿಯವರ ಪಾಲು 16 ಪರ್ಸೆಂಟ್ ಅಂತ 2013ರ ಬೆಲೆ ನಿಯಂತ್ರಣ ಆದೇಶದಲ್ಲೇ ಲೆಕ್ಕ ಹಾಕಿದ್ದಾರೆ. ಸ್ಟಾಕಿಸ್ಟ್‌ಗೆ ವಾಡಿಕೆಯಲ್ಲಿ ಎಂಟು ಪರ್ಸೆಂಟ್. ಬೇರೆ ಔಷಧಿಗಳಲ್ಲಿ ಸಾಮಾನ್ಯವಾಗಿ ಅಂಗಡಿಗೆ 20, ಸ್ಟಾಕಿಸ್ಟ್‌ಗೆ 10. ಈ ಎಂಟು ಹತ್ತರೊಳಗೆ ಬಾಡಿಗೆ, ಹುಡುಗರ ಸಂಬಳ, ಬ್ಯಾಂಕ್ ಬಡ್ಡಿ, ಮುಳುಗಿದ ಉದ್ರಿ ಎಲ್ಲ ಬರಬೇಕು.

2025ರ ಸೆಪ್ಟೆಂಬರ್ 22ರಂದು ಹೆಚ್ಚಿನ ಔಷಧಿಗಳ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿಯಿತು. ಕಪಾಟಿನಲ್ಲಿ ಇದ್ದ ಸರಕಿನ ಮೇಲೆ ಹಳೆ ಎಂಆರ್‌ಪಿ ಅಚ್ಚಾಗಿತ್ತು. ಮಾರಬೇಕಾದದ್ದು ಹೊಸ ಬೆಲೆಗೆ. ಒಬ್ಬ ಸ್ಟಾಕಿಸ್ಟ್ ಎದುರು ಕೂತು ಆ ದಿನಗಳ ಕಥೆ ಕೇಳಿ. ಬೆಲೆ, ತೆರಿಗೆ, ದಾಸ್ತಾನು ಈ ಮೂರೂ ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಅಂತ ತಿಳಿಯುತ್ತದೆ.

ಹದಿನೈದು ದಿನ ಆದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ನೋಡಿದ್ದರಲ್ಲಿ ಕುತೂಹಲ ಹುಟ್ಟಿತಾ, ಇಲ್ಲ ಯಾವಾಗ ಮನೆಗೆ ಹೋಗುತ್ತೇನೋ ಅನಿಸಿತಾ? ಎರಡನೆಯದಾದರೆ ಬೇಜಾರು ಬೇಡ. ಲ್ಯಾಬ್, ದಾಖಲೆಯ ಕಡೆ ಗಮನ ಕೊಡಿ. ಎರಡು ವರ್ಷ, ಕೆಲವು ಲಕ್ಷ ಉಳಿಯಿತು ಅಂದುಕೊಳ್ಳಿ.

ಹೆಜ್ಜೆ 3: ಲೆಕ್ಕ ಹಾಕಿ, ಮನೆಯವರ ಎದುರಿಗೇ ಹಾಕಿ

ಎಂಬಿಎ ಫೀಸು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಆ ಎರಡು ವರ್ಷ ಬರಬಹುದಾಗಿದ್ದ ಸಂಬಳವನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಅಂಕಿ ನನ್ನವು, ನಿಮ್ಮದನ್ನು ಹಾಕಿಕೊಳ್ಳಿ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಎರಡು ವರ್ಷದ ಫೀಸು, ಪಿಜಿ ಬಾಡಿಗೆ, ಊಟ ಸೇರಿ 6 ಲಕ್ಷ ಅಂದುಕೊಳ್ಳಿ. ಕೆಲಸಕ್ಕೆ ಸೇರಿದ್ದರೆ ತಿಂಗಳಿಗೆ 20,000 ಬರುತ್ತಿತ್ತು ಅಂದುಕೊಳ್ಳಿ. 24 ತಿಂಗಳಿಗೆ 4,80,000. ಒಟ್ಟು 10,80,000. ಇದನ್ನು ಐದು ವರ್ಷದಲ್ಲಿ, ಅಂದರೆ 60 ತಿಂಗಳಲ್ಲಿ ವಾಪಸ್ ಪಡೆಯಬೇಕಾದರೆ ತಿಂಗಳಿಗೆ 18,000 ಜಾಸ್ತಿ ದುಡಿಯಬೇಕು. ಯಾರಿಗಿಂತ ಜಾಸ್ತಿ? ಎರಡು ವರ್ಷ ಕೆಲಸ ಮಾಡಿದ ನಿಮ್ಮ ಗೆಳೆಯನಿಗಿಂತ. ಅವನ ಸಂಬಳ ಅಷ್ಟೊತ್ತಿಗೆ 27,000 ಆಗಿದ್ದರೆ ನಿಮ್ಮ ಮೊದಲ ಸಂಬಳ 45,000 ಇರಬೇಕು. ಸಾಲ ಮಾಡಿದ್ದರೆ ಬಡ್ಡಿ ಬೇರೆ.

ಈಗ ಆ ಕಾಲೇಜಿನಿಂದ ಕಳೆದ ವರ್ಷ ಹೊರಬಂದ, ನಿಮ್ಮ ಹಾಗೆ ಬಿ.ಫಾರ್ಮ ಮಾಡಿದ ಇಬ್ಬರನ್ನು ಹುಡುಕಿ ಫೋನ್ ಮಾಡಿ. ಏನು ಕೆಲಸ, ಎಷ್ಟು ಸಂಬಳ ಅಂತ ಕೇಳಿ. ಸಂಕೋಚ ಬೇಡ. ಅವರೂ ಇದೇ ಗೊಂದಲದಲ್ಲಿ ಇದ್ದವರು, ಹೇಳುತ್ತಾರೆ. ಅವರೂ ಮೊದಲ ಕೆಲಸಕ್ಕೆ ಬ್ಯಾಗ್ ಹಿಡಿದೇ ಸೇರಿದ್ದಾರೆ ಅಂತ ತಿಳಿದರೆ ಆ ಕಾಲೇಜಿನ ಬಗ್ಗೆ ಇನ್ನೊಮ್ಮೆ ಯೋಚಿಸಿ. ಎಂಬಿಎ ಮಾಡಿ ದಾವಣಗೆರೆಗೇ ರೆಪ್ ಆಗಿ ಬಂದ ಹುಡುಗರನ್ನು ನಾನು ಸಂದರ್ಶನ ಮಾಡಿದ್ದೇನೆ. ಜಾಣ ಹುಡುಗರು. ಆದರೆ ಬಿ.ಫಾರ್ಮ ಮಾತ್ರ ಮಾಡಿದವನಿಗಿಂತ ಹೆಚ್ಚು ಸಂಬಳ ಕೊಡುವ ಅವಕಾಶ ನನ್ನ ಕೈಯಲ್ಲಿ ಇರಲಿಲ್ಲ. ಆ ಹುದ್ದೆಗೆ ಕಂಪನಿ ಇಟ್ಟಿದ್ದೇ ಅಷ್ಟು. ಅವರ ಮುಖ ನೋಡಿ ಸಂಕಟವಾಗಿದೆ.

ಎಂ.ಫಾರ್ಮದ ಲೆಕ್ಕ ಸ್ವಲ್ಪ ಬೇರೆ. ಜಿಪ್ಯಾಟ್ ಅನ್ನುವ ರಾಷ್ಟ್ರಮಟ್ಟದ ಫಾರ್ಮಸಿ ಪರೀಕ್ಷೆ ಪಾಸಾಗಿ ಸೇರಿದವರಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕಡೆಯಿಂದ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಇದೆ. ಎರಡು ವರ್ಷಕ್ಕೆ 2,97,600 ಆಯಿತು. ಸಣ್ಣ ದುಡ್ಡಲ್ಲ. ನೀವು ಸೇರುವ ಕಾಲೇಜಿನವರಿಗೆ ಇದು ಸಿಗುತ್ತಿದೆಯಾ ಅಂತ ಸೀಟ್ ತಗೊಳ್ಳುವ ಮುಂಚೆ ಅಲ್ಲಿನ ಹುಡುಗರನ್ನೇ ಕೇಳಿ.

ಹೆಜ್ಜೆ 4: ಮೊದಲು ಕೆಲಸ ಅಂತಾದರೆ, ಕಲಿಸುವ ಕೆಲಸ ಹುಡುಕಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತಪ್ಪು ಕಂಪನಿಗೆ ಸೇರಿದರೆ ಎರಡು ವರ್ಷ ಆದ ಮೇಲೂ ಕೈಯಲ್ಲಿ ಏನೂ ಇರುವುದಿಲ್ಲ.

ನಾನು ಸೇರಿದ ಮೊದಲ ಕಂಪನಿಯ ಹೆಸರು ಬೇಡ. ಮಾರ್ಚ್ ಕೊನೆಯ ವಾರ. ಟಾರ್ಗೆಟ್‌ಗೆ ಇನ್ನೂ ಒಂದೂವರೆ ಲಕ್ಷ ಕಡಿಮೆ ಇತ್ತು. ಮೇಲಿನವರು ಫೋನ್ ಮಾಡಿ, ಸ್ಟಾಕಿಸ್ಟ್‌ಗೆ ಸರಕು ಹಾಕಿಸು ಅಂದರು. ನನ್ನ ಸ್ಟಾಕಿಸ್ಟ್ ಒಳ್ಳೆಯ ಮನುಷ್ಯ, ಅಪ್ಪನ ವಯಸ್ಸಿನವರು. "ಆಯ್ತು ಬಿಡಪ್ಪ, ನಿನ್ನ ಕೆಲ್ಸ ಉಳೀಲಿ" ಅಂತ ಬಿಲ್ ಹಾಕಿಸಿಕೊಂಡರು. ಕಂಪನಿ ಪುಸ್ತಕದಲ್ಲಿ ನನ್ನ ಮಾರಾಟ 102 ಪರ್ಸೆಂಟ್ ಆಯಿತು. ಅಂಗಡಿಗಳಿಂದ ಬೇಡಿಕೆ ಇರಲಿಲ್ಲ. ಸರಕು ಅವರ ಗೋಡೌನ್‌ನಲ್ಲೇ ಕೂತಿತು. ಆರು ತಿಂಗಳಾದ ಮೇಲೆ ಎಕ್ಸ್‌ಪೈರಿ ಹತ್ತಿರ ಬಂತು. ವಾಪಸ್ ತಗೊಳ್ಳಲು ಕಂಪನಿ ತಿಂಗಳುಗಟ್ಟಲೆ ಸತಾಯಿಸಿತು. ಆ ಹಿರಿಯರ ದುಡ್ಡು ಅಷ್ಟು ದಿನ ಸಿಕ್ಕಿಹಾಕಿಕೊಂಡಿತು. ಅವರ ಅಂಗಡಿ ಮುಂದೆ ಹಾದುಹೋಗಲು ನನಗೆ ಕಷ್ಟವಾಗುತ್ತಿತ್ತು.

ಕಂಪನಿಯಿಂದ ಸ್ಟಾಕಿಸ್ಟ್‌ಗೆ ಹೋಗುವುದು ಪ್ರೈಮರಿ. ಸ್ಟಾಕಿಸ್ಟ್‌ನಿಂದ ಅಂಗಡಿಗೆ ಹೋಗುವುದು ಸೆಕೆಂಡರಿ. ಈ ಎರಡರ ವ್ಯತ್ಯಾಸ ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ಮುಂದೆ ಎಂಬಿಎ ಓದುವಾಗ ದಾಸ್ತಾನಿನ ಅಧ್ಯಾಯ ಬಂತು. ಒಂದೊಂದು ಸಾಲು ಓದುವಾಗಲೂ ಆ ಗೋಡೌನ್ ಕಣ್ಣ ಮುಂದೆ ಬರುತ್ತಿತ್ತು. ಮೊದಲು ಕೆಲಸ ಮಾಡಿ ಅಂತ ನಾನು ಹೇಳುವುದು ಇದಕ್ಕೇ.

ಹಾಗಾದರೆ ಕಂಪನಿ ಆರಿಸುವಾಗ ಏನು ನೋಡಬೇಕು?

ತರಬೇತಿ ಎಷ್ಟು ದಿನ ಅಂತ ಕೇಳಿ. ಶರೀರ ರಚನೆ, ರೋಗ, ಔಷಧಿ ಕೆಲಸ ಮಾಡುವ ಬಗೆ ಇದೆಲ್ಲವನ್ನೂ ಎರಡು ಮೂರು ವಾರ ಕೂರಿಸಿ ಕಲಿಸುವ ಕಂಪನಿ ಒಳ್ಳೆಯದು. "ನಾಳೆಯಿಂದ ಫೀಲ್ಡ್‌ಗೆ ಹೋಗಿ" ಅನ್ನುವ ಕಡೆ ಯೋಚಿಸಿ.

ಆ ಹೆಡ್‌ಕ್ವಾರ್ಟರ್ಸ್‌ನಲ್ಲಿ ನಿಮಗಿಂತ ಮುಂಚೆ ಇದ್ದವರು ಯಾಕೆ ಬಿಟ್ಟರು ಅಂತ ತಿಳಿದುಕೊಳ್ಳಿ. ಇದನ್ನು ಕಂಪನಿಯವರನ್ನು ಕೇಳಬೇಡಿ. ನಾಲ್ಕು ಮೆಡಿಕಲ್ ಶಾಪ್‌ಗಳಲ್ಲಿ ಕೇಳಿ. ದಾವಣಗೆರೆ ಅಷ್ಟು ದೊಡ್ಡ ಊರಲ್ಲ, ಸುದ್ದಿ ಸಿಗುತ್ತದೆ. ಎರಡು ವರ್ಷದಲ್ಲಿ ಮೂರು ಜನ ಬದಲಾಗಿದ್ದರೆ ತೊಂದರೆ ಕೆಲಸದ ಜಾಗದಲ್ಲೇ ಇದೆ.

ನೇಮಕಾತಿ ಪತ್ರ ಕೈಗೆ ಬರದೆ ಒಂದು ದಿನವೂ ಕೆಲಸ ಮಾಡಬೇಡಿ. ರೆಪ್‌ಗಳ ಕೆಲಸದ ಷರತ್ತುಗಳಿಗೆ ಅಂತಲೇ 1976ರಲ್ಲಿ ಕಾನೂನು ಬಂದಿತ್ತು. ಅದು ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಆಗಲೂ ಈಗಲೂ ನೇಮಕಾತಿ ಪತ್ರ ಕೊಡುವುದು ಕಂಪನಿಯ ಕರ್ತವ್ಯ. ಅದರಲ್ಲಿ ಸಂಬಳ, ದಿನಭತ್ಯೆ, ಓಡಾಟದ ಭತ್ಯೆ ಬೇರೆ ಬೇರೆಯಾಗಿ ಬರೆದಿರಬೇಕು. ಪಿಎಫ್ ಇದೆಯಾ ನೋಡಿ. ಸಂಬಳವೂ ಭತ್ಯೆಯೂ ಸೇರಿಸಿ "ಮೂವತ್ತು ಸಾವಿರ ಸಿಗುತ್ತೆ" ಅನ್ನುತ್ತಾರೆ. ಅದರಲ್ಲಿ ಪೆಟ್ರೋಲಿಗೇ ಎಷ್ಟು ಹೋಗುತ್ತದೆ ಅಂತ ಕೂತು ಲೆಕ್ಕ ಹಾಕಿ.

ಡಾಕ್ಟರಿಗೆ ಉಡುಗೊರೆ ಕೊಡು ಅನ್ನುವ ಕಂಪನಿ ಬೇಡವೇ ಬೇಡ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧಿ ಮಾರ್ಕೆಟಿಂಗ್‌ಗೆ ಏಕರೂಪ ಸಂಹಿತೆ ತಂದಿದೆ. ವೈಯಕ್ತಿಕ ಉಡುಗೊರೆ, ಪ್ರವಾಸ, ನಗದು ಯಾವುದೂ ಇಲ್ಲ. ಒಬ್ಬ ಡಾಕ್ಟರಿಗೆ ಒಂದು ಔಷಧಿಯ ಸ್ಯಾಂಪಲ್ ವರ್ಷಕ್ಕೆ 12 ಪ್ಯಾಕ್ ದಾಟುವ ಹಾಗಿಲ್ಲ. ನನಗೆ ಇದು ಖುಷಿ ಕೊಟ್ಟ ಬದಲಾವಣೆ. ಔಷಧಿಯ ಬಗ್ಗೆ ನಿಜವಾಗಿ ಗೊತ್ತಿರುವವರ ಮಾತಿಗೆ ಬೆಲೆ ಬರುತ್ತದೆ. ಬಿ.ಫಾರ್ಮ ಓದಿದ ನಿಮಗೆ ಫಾರ್ಮಕಾಲಜಿ ಗೊತ್ತು. ಬೇರೆ ಡಿಗ್ರಿ ಮಾಡಿ ಬಂದ ರೆಪ್‌ಗಳ ನಡುವೆ ನಿಮ್ಮ ಬಲ ಅದೇ. ಕಾಲೇಜಿನ ಪುಸ್ತಕ ತೂಕಕ್ಕೆ ಹಾಕಬೇಡಿ.

ಹೆಣ್ಣುಮಕ್ಕಳ ಮನೆಯಲ್ಲಿ ಭಯ ಜಾಸ್ತಿ. ಅದಕ್ಕೆ ಕಾರಣವೂ ಇದೆ. ರಾತ್ರಿ ಬೇರೆ ಊರಿನಲ್ಲಿ ಉಳಿಯಬೇಕು, ಕ್ಲಿನಿಕ್ ಮುಗಿಯುವುದು ಒಂಬತ್ತು ಗಂಟೆಗೆ. ಸಂದರ್ಶನದಲ್ಲೇ ಟೂರ್ ಪ್ರೋಗ್ರಾಂ ತೋರಿಸಿ ಅಂತ ಕೇಳಿ. ತಿಂಗಳಿಗೆ ಎಷ್ಟು ರಾತ್ರಿ ಹೊರಗೆ, ಯಾವ ಊರು ಅಂತ ತಿಳಿಯುತ್ತದೆ. ಆಸ್ಪತ್ರೆ ಮಾರಾಟ ಮಾತ್ರ ನೋಡುವ ಹುದ್ದೆಗಳೂ ಇರುತ್ತವೆ, ಅವು ಹೆಚ್ಚಾಗಿ ಹಗಲಿನ ಕೆಲಸ. ಚಿತ್ರದುರ್ಗದ ಒಬ್ಬ ಹುಡುಗಿಗೆ ನಾನೇ ಹೀಗೆ ಹೇಳಿದ್ದೆ. ಅವಳು ಅಪ್ಪಾಜಿಯ ಎದುರು ಆ ಟೂರ್ ಪ್ರೋಗ್ರಾಂ ಹಾಳೆ ಇಟ್ಟು ಒಂದೊಂದು ಊರೂ ವಿವರಿಸಿದಳು. ಅವರು ಒಪ್ಪಿದರು. ಎರಡು ವರ್ಷ ಚೆನ್ನಾಗಿ ಕೆಲಸ ಮಾಡಿದಳು.

ಕೆಲಸದಲ್ಲಿರುವಾಗ ಒಂದು ನೋಟ್‌ಬುಕ್ ಇಡಿ

ಇದು ಬೇರೆ ಹೆಜ್ಜೆಯಲ್ಲ, ನಾಲ್ಕನೆಯದರ ಒಳಗೇ ಬರುವ ಮಾತು. ಕಂಪನಿಗೆ ಕೊಡುವ ದಿನದ ವರದಿ ಬೇರೆ, ಇದು ನಿಮಗಾಗಿ. ಅಂಗಡಿಯಲ್ಲಿ ನಿಂತು ಯಾವ ಡಾಕ್ಟರು ಯಾವ ಬ್ರಾಂಡ್ ಬರೆಯುತ್ತಾರೆ ಅಂತ ತಿಳಿಯುವ ಕೆಲಸಕ್ಕೆ ಆರ್‌ಸಿಪಿಎ ಅನ್ನುತ್ತಾರೆ. ಬಹಳ ಜನ ಅದನ್ನು ಮನೆಯಲ್ಲಿ ಕೂತು ಅಂದಾಜಿಗೆ ತುಂಬುತ್ತಾರೆ. ನೀವು ನಿಜವಾಗಿ ಮಾಡಿ. ಯಾವ ಬ್ರಾಂಡ್ ಏರಿತು, ಯಾಕೆ? ಬೆಲೆಯಾ, ಹತ್ತಕ್ಕೆ ಒಂದು ಉಚಿತ ಅನ್ನುವ ಸ್ಕೀಮಾ, ಸರಕು ಸದಾ ಸಿಗುತ್ತದೆ ಅಂತಲಾ? ರೋಗಿಯ ಖಾಸಗಿ ವಿವರ ಬರೆಯಬೇಡಿ, ಅದು ನಿಮಗೆ ಸಂಬಂಧ ಇಲ್ಲ.

ನಾನು ಏರಿಯಾ ಮ್ಯಾನೇಜರ್ ಹುದ್ದೆಯ ಸಂದರ್ಶನಕ್ಕೆ ಹೋದಾಗ ಆ ನೋಟ್‌ಬುಕ್ ಜೊತೆಗಿತ್ತು. ಜಗಳೂರಿನಲ್ಲಿ ನಮ್ಮ ಆಂಟಿಬಯಾಟಿಕ್ ಯಾಕೆ ಹೋಗುತ್ತಿರಲಿಲ್ಲ ಅಂತ ಕೇಳಿದರು. ವಾರಕ್ಕೆ ಒಂದೇ ದಿನ ಅಲ್ಲಿಗೆ ಸರಕು ಹೋಗುತ್ತಿತ್ತು, ನಡುವೆ ಖಾಲಿಯಾದರೆ ಅಂಗಡಿಯವರು ಬೇರೆ ಬ್ರಾಂಡ್ ತರಿಸುತ್ತಿದ್ದರು ಅಂತ ದಿನಾಂಕದ ಸಮೇತ ತೋರಿಸಿದೆ. ಮುಂದೆ ಬೇರೆ ಪ್ರಶ್ನೆ ಕೇಳಲಿಲ್ಲ.

ಹೆಜ್ಜೆ 5: ಹದಿನೆಂಟನೇ ತಿಂಗಳಲ್ಲಿ ನಿಂತು ನೋಡಿ

ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಟಾರ್ಗೆಟ್, ತಿಂಗಳ ಕೊನೆಯ ಕ್ಲೋಸಿಂಗ್ ಅಂತ ಓಡುತ್ತಾ ಆರು ವರ್ಷ ಹೋಗಿಬಿಡುತ್ತದೆ. ನನ್ನ ಜೊತೆಯವರಲ್ಲಿ ಹಾಗೆ ಆದವರು ಇದ್ದಾರೆ.

ಮಾರಾಟವೇ ಹಿಡಿಸಿದೆ, ಮೇಲಕ್ಕೆ ಹೋಗಬೇಕು ಅನಿಸಿದರೆ ಕೆಲಸ ಬಿಡಬೇಡಿ. ದೂರಶಿಕ್ಷಣ ಅಥವಾ ಆನ್‌ಲೈನ್ ಎಂಬಿಎ ಮಾಡಿ. ಇಗ್ನೋದಲ್ಲಿ ಇದೆ, ಬೇರೆ ವಿಶ್ವವಿದ್ಯಾಲಯಗಳಲ್ಲೂ ಇದೆ. ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ ಮತ್ತು ಆ ಕೋರ್ಸ್ ಎರಡರ ಹೆಸರೂ ಇರಬೇಕು. ಓದಿದ್ದನ್ನು ಮಾರನೇ ದಿನವೇ ಫೀಲ್ಡ್‌ನಲ್ಲಿ ಪರೀಕ್ಷೆ ಮಾಡಿ ನೋಡಬಹುದು. ಭಾನುವಾರ ಪೂರ್ತಿ ಹೋಗುತ್ತದೆ, ಅದು ನಿಜ. ಎರಡು ವರ್ಷ ಹಬ್ಬ, ಮದುವೆ ಬಹಳಷ್ಟು ತಪ್ಪಿಸಿಕೊಂಡೆ.

ಬ್ರಾಂಡ್ ಕಟ್ಟುವ ಕೆಲಸ, ಅಂದರೆ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕಡೆ ಮನಸ್ಸು ಹೋಗಿದ್ದರೆ ಪೂರ್ಣಾವಧಿ ಎಂಬಿಎಗೆ ಈಗ ಅರ್ಥ ಇದೆ. ಎರಡು ವರ್ಷದ ಅನುಭವ ಇರುವ ನಿಮ್ಮನ್ನು ಒಳ್ಳೆಯ ಸಂಸ್ಥೆಗಳೂ ಬೇರೆ ಕಣ್ಣಿನಿಂದ ನೋಡುತ್ತವೆ. ಫಾರ್ಮಾಕ್ಕೆ ಅಂತಲೇ ಇರುವ ಎಂಬಿಎ ಬೇಕಾದರೆ ಕೇಂದ್ರ ಸರ್ಕಾರದ ಔಷಧ ಶಿಕ್ಷಣ ಸಂಸ್ಥೆಗಳಾದ ಮೊಹಾಲಿ, ಹೈದರಾಬಾದ್‌ನ ನೈಪರ್‌ಗಳಲ್ಲಿ ಇದೆ. ಪ್ರವೇಶ ಅವರದೇ ಪರೀಕ್ಷೆ ನೈಪರ್ ಜೆಇಇ ಮೂಲಕ, ಜಿಪ್ಯಾಟ್ ಅರ್ಹತೆಯನ್ನೂ ಕೇಳುತ್ತಾರೆ. ಜಿಪ್ಯಾಟ್ ಅಂಕ ಮೂರು ವರ್ಷ ನಡೆಯುತ್ತದೆ. ಹಾಗಾಗಿ ಬಿ.ಫಾರ್ಮ ಕೊನೆಯ ವರ್ಷದಲ್ಲೇ, ಓದು ಇನ್ನೂ ಬಿಸಿಯಾಗಿರುವಾಗ ಅದನ್ನು ಬರೆದು ಇಟ್ಟುಕೊಳ್ಳಿ. ಕೆಲಸಕ್ಕೆ ಸೇರುವವರಿಗೂ ನಾನು ಇದನ್ನು ಒತ್ತಿ ಹೇಳುತ್ತೇನೆ. 2024ರಿಂದ ಜಿಪ್ಯಾಟ್ ಪರೀಕ್ಷೆಯನ್ನು ವೈದ್ಯಕೀಯ ಪರೀಕ್ಷೆಗಳ ರಾಷ್ಟ್ರೀಯ ಮಂಡಳಿಯಾದ ಎನ್‌ಬಿಇಎಂಎಸ್ ನಡೆಸುತ್ತಿದೆ.

ಹೆಜ್ಜೆ 6: ಮೊದಲು ಓದು ಅಂತಾದರೆ

ಎಂ.ಫಾರ್ಮದಲ್ಲಿ ವಿಭಾಗ ಮುಖ್ಯ. ಸೀಟ್ ಸಿಕ್ಕಿದ ವಿಭಾಗಕ್ಕೆ ಸೇರಿಬಿಡಬೇಡಿ. ವ್ಯಾಪಾರದ ಕಡೆಗೂ ಒಂದು ಕಾಲು ಇಟ್ಟಿರಬೇಕು ಅಂದರೆ ರೆಗ್ಯುಲೇಟರಿ ಅಫೇರ್ಸ್ ಒಳ್ಳೆಯ ಆಯ್ಕೆ. ಔಷಧಿ ಯಾವ ದೇಶಕ್ಕೆ ಯಾವಾಗ ಹೋಗಬಹುದು ಅಂತ ಗೊತ್ತಿರುವವರ ಮಾತನ್ನು ರಫ್ತು ವಿಭಾಗ ಕೇಳಲೇಬೇಕು. ಕ್ವಾಲಿಟಿ ಅಶ್ಯೂರೆನ್ಸ್ (ಗುಣಮಟ್ಟ ಖಾತ್ರಿ), ಫಾರ್ಮಾಸ್ಯೂಟಿಕ್ಸ್ (ಔಷಧಿ ತಯಾರಿಕೆ) ಕೂಡ ಕಾರ್ಖಾನೆ ಕಡೆಗೆ ಗಟ್ಟಿ. ಎರಡನೇ ವರ್ಷದ ಪ್ರಾಜೆಕ್ಟ್ ಕಾಲೇಜಿನೊಳಗೇ ಮುಗಿಸುತ್ತಾರಾ, ಇಲ್ಲ ಕಂಪನಿಯಲ್ಲಿ ಮಾಡಲು ಬಿಡುತ್ತಾರಾ ಅಂತ ಕೇಳಿ. ಪೀಣ್ಯ, ಜಿಗಣಿ ಕಡೆಯ ಒಂದು ಕಾರ್ಖಾನೆಯಲ್ಲಿ ಆರು ತಿಂಗಳು ಇದ್ದು ಬಂದರೆ ಅನುಭವವೂ ಜೊತೆಗೇ ಬಂದ ಹಾಗೆ.

ಎಂಬಿಎಗೆ ನೇರವಾಗಿ ಹೋಗುವವರಿಗೆ ಒಂದೇ ಮಾತು. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂತ ಬರೆದ ಬ್ಯಾನರ್ ನೋಡಿ ಸೇರಬೇಡಿ. ಯಾವ ಕಂಪನಿ, ಯಾವ ಹುದ್ದೆ, ಎಷ್ಟು ಜನ ಅಂತ ಪಟ್ಟಿ ಕೇಳಿ.

ಸ್ವಂತ ವ್ಯಾಪಾರದ ಆಸೆ ಇದ್ದರೆ

ನಮ್ಮ ಕಡೆ ಈ ಆಸೆ ಬಹಳ ಜನರಿಗೆ ಇದೆ. ಮೆಡಿಕಲ್ ಶಾಪ್ ಇಡುವುದಾದರೆ ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು. ಹೋಲ್‌ಸೇಲ್ ಲೈಸೆನ್ಸ್‌ಗೆ 1945ರ ಔಷಧ ನಿಯಮಗಳು ಮೂರು ದಾರಿ ಇಟ್ಟಿವೆ. ಉಸ್ತುವಾರಿ ವಹಿಸುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು. ಅಥವಾ ಯಾವುದೇ ಡಿಗ್ರಿಯ ಜೊತೆ ಔಷಧಿ ವ್ಯವಹಾರದಲ್ಲಿ ಒಂದು ವರ್ಷದ ಅನುಭವ ಇರಬೇಕು. ಅಥವಾ ಎಸ್ಸೆಸ್ಸೆಲ್ಸಿ ಜೊತೆ ಔಷಧಿ ಮಾರಾಟದಲ್ಲಿ ನಾಲ್ಕು ವರ್ಷದ ಅನುಭವ. ಜಾಗ ಕನಿಷ್ಠ 10 ಚದರ ಮೀಟರ್. ನೋಡಿ, ಓದು ಮತ್ತು ಅನುಭವವನ್ನು ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿದ್ದಾರೆ. ಅರ್ಜಿ ಹಾಕುವ ಮುಂಚೆ ಔಷಧ ನಿಯಂತ್ರಣ ಇಲಾಖೆಯ ಕಚೇರಿಗೆ ಹೋಗಿ ಆ ದಿನದ ನಿಯಮ ಕೇಳಿಕೊಳ್ಳಿ.

ಬಿ.ಫಾರ್ಮ ಮಾಡಿದ ನಿಮಗೆ ಮೊದಲ ದಾರಿ ತೆರೆದಿದೆ. ಅನುಭವ ಕೇಳುವುದಿಲ್ಲ. ಆದರೆ ಉದ್ರಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ಲೈಸೆನ್ಸ್ ಹೇಳಿಕೊಡುವುದಿಲ್ಲ. ಒಂದು ವರ್ಷವಾದರೂ ಬೇರೆಯವರ ಹೋಲ್‌ಸೇಲ್ ಅಂಗಡಿಯಲ್ಲಿ ದುಡಿದು ಆಮೇಲೆ ಸ್ವಂತದ್ದು ಮಾಡಿ. ಆ ಒಂದು ವರ್ಷ ಎರಡು ಎಂಬಿಎಗೆ ಸಮ ಅಂತ ನಾನು ನಂಬುತ್ತೇನೆ.

ಪಾಸಾದ ಕೂಡಲೇ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ. ನೀವು ರೆಪ್ ಆಗಿ ಹೋದರೂ ಮಾಡಿಸಿ, ಅವಧಿ ಮುಗಿಯದಂತೆ ನವೀಕರಿಸುತ್ತಿರಿ. ಆ ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡಿ ಅಂತ ಯಾರಾದರೂ ಬರುತ್ತಾರೆ. ತಿಂಗಳಿಗೆ ಸುಮ್ನೆ ಕೂತಲ್ಲೇ ದುಡ್ಡು ಅನ್ನುತ್ತಾರೆ. ದಯವಿಟ್ಟು ಕೊಡಬೇಡಿ. ಆ ಅಂಗಡಿಯಲ್ಲಿ ಗೊತ್ತಿಲ್ಲದ ಹುಡುಗ ತಪ್ಪು ಔಷಧಿ ಕೊಟ್ಟರೆ ಗೋಡೆ ಮೇಲೆ ಇರುವ ಹೆಸರು ನಿಮ್ಮದು. ನುಂಗುವವರು ನಮ್ಮ ಊರಿನವರೇ ಅಲ್ವಾ.

ಹೆಜ್ಜೆ 7: ಬಿಡುವಾಗ ಕಾಗದ ತಗೊಂಡು ಬಿಡಿ

ಅನುಭವ ಇದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ನೇಮಕಾತಿ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ರಿಲೀವಿಂಗ್ ಪತ್ರ, ಅನುಭವ ಪತ್ರ, ಫಾರ್ಮ್ 16 ಇಷ್ಟೂ ಒಂದು ಫೈಲಿನಲ್ಲಿ ಇರಲಿ. ಕಂಪನಿಯ ಸ್ಯಾಂಪಲ್, ಬ್ಯಾಗ್, ಟ್ಯಾಬ್ ವಾಪಸ್ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಸ್ಟಾಕಿಸ್ಟ್ ಜೊತೆ ನಿಮ್ಮ ಕಾಲದ ಎಕ್ಸ್‌ಪೈರಿ, ಸ್ಕೀಮ್ ಬಾಕಿ ಏನಿದೆ ಅಂತ ಬರೆದು, ಒಂದು ಪ್ರತಿ ಮ್ಯಾನೇಜರ್‌ಗೆ, ಒಂದು ಪ್ರತಿ ಸ್ಟಾಕಿಸ್ಟ್‌ಗೆ ಕೊಡಿ. ನೋಟಿಸ್ ಅವಧಿ ಪೂರ್ತಿ ಮಾಡಿ.

ಆ ಮೊದಲ ಕಂಪನಿ ಬಿಟ್ಟಾಗ ನಾನು ಈ ಬಾಕಿ ಪಟ್ಟಿ ಮಾಡಿಸಿದ್ದೆ. ಅದರ ಆಧಾರದ ಮೇಲೆ ಆ ಹಿರಿಯರು ಪತ್ರ ಬರೆದು, ಎಂಟು ತಿಂಗಳು ಬೆನ್ನು ಬಿದ್ದು, ತಮ್ಮ ಎಕ್ಸ್‌ಪೈರಿ ದುಡ್ಡು ವಸೂಲಿ ಮಾಡಿಕೊಂಡರು. ಚೆಕ್ ಬಂದ ದಿನ ನನಗೆ ಫೋನ್ ಮಾಡಿದರು. ಈಗ ನಾನು ಹೊಸ ಹುಡುಗರನ್ನು ಒಂದು ವಾರ ಬಿಲ್ಲು ನೋಡಲು ಕಳಿಸುವುದು ಅವರ ಅಂಗಡಿಗೇ.